ಬಿಕ್ಕಲಂ ಬೋರಲಿಂಗಯ್ಯ

ಕುದೂರು,
೬ನೇ ಸೆಪ್ಟೆಂಬರ್ ೧೯೯೯

ಸ್ಮಾರಕದ ಕಲ್ಲಿಗೆ ಬೇಕಾದ ವಿವರಗಳು:

೧. ವೀರಮರಣ ಹೊಂದಿದವರ ಹೆಸರು: ಮಕ್ಬೂಲ್, ಸಿಪಾಯಿ.
೨. ತಂದೆಯ ಹೆಸರು, ಕಸುಬು: ಮೆಹಬೂಬ್ ಸಾಹೇಬ್, ಅರಗಿನ ಗೊಂಬೆ ಕೆಲಸ, ಚನ್ನಪಟ್ಟಣ.
೩. ತಾಯಿಯ ಹೆಸರು: ಗುಲ್ಜಾರ್ ಬೀ.
೪. ಹುಟ್ಟಿದ ದಿನ: ೩-೨-೧೯೫೨.
೫. ಸೈನ್ಯಕ್ಕೆ ಸೇರಿದ್ದು: ಮಾರ್ಚ್ ೧೯೭೦, ವಯಸ್ಸು ಹದಿನೆಂಟು.
೬. ಮರಣ: ೧೧-೧೨-೧೯೭೧, ಪಶ್ಚಿಮದ ಗಡಿಯಲ್ಲಿ, ವಯಸ್ಸು ಹತ್ತೊಂಬತ್ತು.
೭. ಷರಾ: ಏನೂ ಇಲ್ಲ.

ಶ್ರೀ ಮೆಹಬೂಬ್ ಸಾಹೇಬರ ಸನ್ನಿಧಾನಕ್ಕೆ, ಚನ್ನಪಟ್ಟಣದ ತಾಲ್ಲೂಕು ಕಚೇರಿಯ ಹೊಂಗೆ ಮರದ ಕೆಳಗೆ ಮೂವತ್ತೆಂಟು ವರ್ಷ ಅರ್ಜಿ ಬರಹಗಾರನಾಗಿದ್ದು, ಈಗ ಕುದೂರಿನಲ್ಲಿ ಮಗಳು ಸರಸಮ್ಮನ ಮನೆಯಲ್ಲಿ ವಾಸವಾಗಿರುವ ಬೋರಲಿಂಗಯ್ಯನು ನಿವೇದಿಸುವುದು:

ಈ ಬೇಸಗೆಯ ಯುದ್ಧದ ತರುವಾಯ ನಾಡಿನ ಎಲ್ಲ ಕಡೆ ಹುತಾತ್ಮರ ಸ್ಮರಣೆ ನಡೆಯುತ್ತಿರುವುದು ತಮಗೆ ತಿಳಿದ ಸಂಗತಿ. ಚನ್ನಪಟ್ಟಣದ ನಮ್ಮ ಪೇಟೆಯ ಶಾಲೆಯ ಮುಂದೆಯೂ ಅಲ್ಲಿಯೇ ಓದಿದ ತಮ್ಮ ಮಗನ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸಬೇಕೆಂದು ಸಮಿತಿ ರಚನೆಯಾಗಿದೆ. ನನ್ನ ಮಗ ಚಿ. ಮುನಿಯಪ್ಪನೇ ಅದರ ಕಾರ್ಯದರ್ಶಿ. ಬರುವ ಜನವರಿ ಇಪ್ಪತ್ತಾರಕ್ಕೆ ಅನಾವರಣ. ಕಲ್ಲಿನ ಮೇಲಿನ ಬರಹ ನನ್ನ ಲೇಖನಿಯಿಂದಲೇ ಆಗಬೇಕೆಂಬುದು ಎಲ್ಲರ ಒತ್ತಾಯ.

ನಮ್ಮಿಬ್ಬರ ನಡುವೆ ಇಪ್ಪತ್ತೇಳು ವರ್ಷಗಳಿಂದ ಮಾತಾಗಲಿ ಪತ್ರವಾಗಲಿ ಇಲ್ಲದಿರುವುದನ್ನು ಈ ರಾಷ್ಟ್ರಕಾರ್ಯಕ್ಕೆ ಅಡ್ಡಿಯೆಂದು ತಾವು ಎಣಿಸಲಾರಿರಿ ಎಂದು ನಂಬಿದ್ದೇನೆ. ಮೇಲ್ಕಂಡ ವಿವರಗಳು ಸರಿಯಾಗಿವೆಯೆಂದು ರುಜು ಮಾಡಿ ಕಳುಹಿಸಬೇಕಾಗಿ ಕೋರಿಕೆ.

ಇಂತು ತಮ್ಮ ಹಿತವನ್ನೇ ಬಯಸುವ
ಬೋರಲಿಂಗಯ್ಯ


ಚನ್ನಪಟ್ಟಣ,
೨೧ನೇ ಸೆಪ್ಟೆಂಬರ್ ೧೯೯೯

ಬೋರಲಿಂಗಯ್ಯ ಮಾಮು ಅವರಿಗೆ ಹಫೀಜಾಳ ಸಲಾಂ.

ನಾನು ಮಕ್ಬೂಲ್ ಭಾಯಿಯ ತಂಗಿ. ಅವರು ಹೋದಾಗ ನನಗೆ ಎಂಟು ವರ್ಷ; ಈಗ ನಾನೇ ಮಕ್ಕಳಿಗೆ ಪಾಠ ಹೇಳುತ್ತೇನೆ. ಅಬ್ಬಾಗೆ ಕನ್ನಡ ಓದಲು ಬಾರದೆಂದು ತಮಗೆ ಗೊತ್ತು. ತಮ್ಮ ಪತ್ರವನ್ನು ಎರಡು ಸಲ ಓದಿ ಹೇಳಿದೆ. ಉತ್ತರವನ್ನು ಅಬ್ಬಾ ಹೇಳಿದ ಹಾಗೆಯೇ ಬರೆಯಬೇಕು, ಪಾಲಿಶ್ ಹಾಕಬಾರದು ಎಂದಿದ್ದಾರೆ. ಮುಂದಿನದು ಅವರ ಮಾತು.

"ಬೋರಣ್ಣ, ನಿನ್ ಕಾಗ್ದ ಬಂತು. ಇಪ್ಪತ್ತೇಳು ವರ್ಷ ಆದ್ಮೇಲೆ ಬಂದ್ರೂ ಕೋರ್ಟಿನ ಸಮನ್ಸು ಇದ್ದಂಗೈತೆ. ನಂಬ್ರ ಹಾಕಿದ್ದೀಯ, ಸರಿ, ನಾನೂ ನಂಬ್ರದ ಮೇಲೇ ಹೇಳ್ತೀನಿ. ಒಂದು, ಎರಡು, ಮೂರು ಸರಿ ಐತೆ. ನಾಕು ಸುಳ್ಳು. ಐದು ಸುಳ್ಳು. ಆರನೇದ್ರಲ್ಲಿ ಸತ್ತಿದ್ದೊಂದು ನಿಜ, ವಯಸ್ಸು ಸುಳ್ಳು. ಏಳನೇದ್ರಲ್ಲಿ 'ಏನೂ ಇಲ್ಲ' ಅಂತ ಬರ್ದಿದ್ದೀಯಲ್ಲ, ಅದನ್ನ ಓದಿದಾಗ ಗುಲ್ಜಾರ್ ನಕ್ಕುಬುಟ್ಳು.

"ಮಕ್ಬೂಲ್ ಹುಟ್ಟಿ ಒಂಬತ್ತು ದಿನಕ್ಕೆ ನಿನ್ ಮುನಿಯಪ್ಪ ಹುಟ್ಟಿದ. ಒಂದೇ ಆಲೆ ಮರದ ತುಂಡಲ್ಲಿ ಇಬ್ರಿಗೂ ನಡೆಯೋದ್ ಕಲಿಯೋ ಮೂರು ಗಾಲಿ ಗಾಡಿ ಕಡ್ದೆ. ಕೆಂಪು ನಮ್ದು, ಹಳದಿ ನಿಮ್ದು. ಮುನಿಯಪ್ಪ ಹುಟ್ಟಿದ್ದು ಐವತ್ನಾಕು ಅಂತ ನೀನೇ ಹೇಳ್ತೀಯ. ಅಂಗಾರೆ ನನ್ ಮಗ ಎರಡು ವರ್ಷ ಮುಂಚೇನೇ ಹುಟ್ಟಿ, ಗಾಡಿ ಬರ್ಲಿ ಅಂತ ಕೂತಿದ್ನಾ?

"ನಿನ್ ಮಗ ಬಂದಿದ್ದ. ಜೊತೇಲಿ ನಾಕು ಜನ, ಎಲ್ರ ಜೇಬಿಗೂ ಬಾವುಟ. ಒಳ್ಳೇ ಮಾತಾಡ್ದ. 'ಚಾಚಾ, ದಾಖಲೆ ಬುಟ್ಟು ನಾವು ಹೋಗಕಾಗಲ್ಲ. ಪಟ್ಟಾಳಕ್ಕೆ ಸೇರೋವಾಗ ಕೊಟ್ಟ ಆ ವಯಸ್ಸಿನ ಅಫಿಡವಿಟ್ಟು ಬರ್ದೋರೇ ತಪ್ಪಾಗೈತೆ ಅಂತ ಬರ್ಕೊಟ್ರೆ ಅದು ಬೇರೆ ಮಾತು' ಅಂದ. ಬರ್ದೋನು ಯಾರು ಅಂತ ಅವನ್ಗೂ ಗೊತ್ತು, ನಂಗೂ ಗೊತ್ತು. ಇಬ್ರೂ ಚಾ ಕುಡುದ್ವಿ.

"ಗುಲ್ಜಾರ್‌ಗೆ ಸಕ್ಕರೆ ಕಾಯ್ಲೆ ಕಣ್ಣು ತಿಂತಾ ಐತೆ. ಅವ್ಳಿಗೆ ಅಕ್ಷರ ಬರಾಕಿಲ್ಲ, ಅಂಕಿ ಬತ್ತದೆ. ಕಲ್ಲಿನ ಮೇಲೆ ಅವ್ಳು ಓದೋದು ಅದೊಂದೇ. ಕಣ್ಣು ಇರೋವಾಗ ಮಗನ ಸರಿ ವಯಸ್ಸು ನೋಡ್ಬೇಕಂತೆ. ಹತ್ತೊಂಬತ್ತು ಅಂತ ಕೆತ್ತಿದ್ರೆ ನಾವಿಬ್ರೂ ಬರಾಕಿಲ್ಲ. ನೀನು ಬರ್ಕೊಡು. ಬರ್ದಿದ್ದು ನಾನು, ತಪ್ಪು ಬರ್ದೆ ಅಂತ. ಇಷ್ಟೇ."

ಅಬ್ಬಾ ಕೆಳಗೆ ಉರ್ದುವಿನಲ್ಲಿ ಸಹಿ ಮಾಡಿದ್ದಾರೆ.

ಹಫೀಜಾ


ಕುದೂರು,
೯ನೇ ಅಕ್ಟೋಬರ್ ೧೯೯೯

ಶ್ರೀ ಮೆಹಬೂಬ್ ಸಾಹೇಬರಿಗೆ,

ತಮ್ಮ ಒಕ್ಕಣೆ ತಲುಪಿತು. ಗುಲ್ಜಾರ್ ಬೀಯವರ ಅನಾರೋಗ್ಯದ ಸುದ್ದಿಯಿಂದ ಮನಸ್ಸಿಗೆ ಖೇದವಾಯಿತು. ಆದರೂ ತಮ್ಮ ಬೇಡಿಕೆಯನ್ನು ಪುರಸ್ಕರಿಸಲು ಸಾಧ್ಯವಿಲ್ಲದಿರುವ ಕಾರಣಗಳನ್ನು ಅರಿಕೆ ಮಾಡಿಕೊಳ್ಳುತ್ತೇನೆ.

ಸೈನ್ಯದ ದಾಖಲೆ ಒಂದನ್ನು ಹೇಳುತ್ತಿರುವಾಗ ಊರಿನ ಕಲ್ಲು ಇನ್ನೊಂದನ್ನು ಹೇಳತಕ್ಕದ್ದಲ್ಲ. ವಯಸ್ಸು ತುಂಬದ ಹುಡುಗನೊಬ್ಬ ಸುಳ್ಳು ಪ್ರಮಾಣದ ಮೇಲೆ ಸೇರಿದನೆಂದು ನಾವೇ ಕೆತ್ತಿಸಿದರೆ, ಸತ್ತವನ ಕೀರ್ತಿಗೆ ಕುಂದು, ದೇಶದ ಮಾನಕ್ಕೂ ಕುಂದು. ಶತ್ರುಗಳು ನಗುವಂಥ ಸಂಗತಿಯನ್ನು ಶಾಲೆಯ ಮಕ್ಕಳು ದಿನವೂ ಓದಬೇಕೆ?

ಎರಡನೆಯದಾಗಿ, ನಮ್ಮ ಕಸುಬಿನ ಒಂದು ಕಟ್ಟಳೆಯನ್ನು ತಮ್ಮ ಗಮನಕ್ಕೆ ತರಬೇಕಾಗಿದೆ. ಯಾವುದೇ ಕಾಗದದ ತುದಿಯಲ್ಲಿ ಬರೆದವನು 'ಬಿಕ್ಕಲಂ' ಎಂದು ನಮೂದಿಸಿ ತನ್ನ ಹೆಸರು ಹಾಕುತ್ತಾನೆ. ಬರೆದ ಕೈ ಇದು, ಹೇಳಿದ ಬಾಯಿ ಬೇರೆ ಎಂಬುದು ಅದರ ಅರ್ಥ. ಹೇಳಿಕೆಯ ಹೊಣೆ ಹೇಳಿಕೆದಾರನದು. ಆ ಪ್ರಮಾಣಪತ್ರಕ್ಕೆ ಹೇಳಿಕೆದಾರರಾಗಿ ರುಜು ಮಾಡಿದವರು ತಾವು. ನಾನು ಬಿಕ್ಕಲಂ ಮಾತ್ರ. ಮೂವತ್ತೆಂಟು ವರ್ಷಗಳಲ್ಲಿ ನನ್ನ ಕೈಬರಹದ ಒಂದೇ ಒಂದು ಕಾಗದವನ್ನು ಯಾವ ಅಮಲ್ದಾರರೂ ಹಿಂದಿರುಗಿಸಿದ್ದಿಲ್ಲ. ಈ ಇಳಿವಯಸ್ಸಿನಲ್ಲಿ ಅದನ್ನು ತಪ್ಪೆಂದು ನಾನೇ ಬರೆದುಕೊಡುವುದು ಉಚಿತವಲ್ಲ.

ಮೂರನೆಯದಾಗಿ, ಆ ದಿನ ನನ್ನ ಮಗನೂ ತಮ್ಮ ಮಗನ ಜೊತೆಯಲ್ಲಿಯೇ ಹೊರಟವನು. ಎದೆಯಳತೆ ಒಂದಂಗುಲ ಸಾಲದೆ ಹಿಂದಿರುಗಿದನು. ಆ ಕೊರಗು ನಮ್ಮ ಮನೆಯಲ್ಲಿಯೂ ಇದೆಯೆಂಬುದನ್ನು ತಾವು ಮರೆಯಬಾರದು.

ಕಲ್ಲಿನ ಬರಹ ಸಿದ್ಧವಾಗಿದೆ: 'ತಾಯ್ನಾಡಿನ ಕರೆಗೆ ಓಗೊಟ್ಟು, ಹರೆಯದ ಹೊಸ್ತಿಲಲ್ಲಿ ನಿಂತು, ಪ್ರಾಣವನ್ನು ಹೂವಿನಂತೆ ಅರ್ಪಿಸಿದ ವೀರನ ನೆನಪಿಗೆ.' ಇದನ್ನು ಹೊಂದಿಸಲು ನಾಲ್ಕು ದಿನ ಹಿಡಿಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ 'ಬರಹ: ಬೋರಲಿಂಗಯ್ಯ' ಎಂದಿರಲಿ ಎಂಬುದು ಸಮಿತಿಯವರ ಅಪೇಕ್ಷೆ, ನಾನು ಬೇಡವೆನ್ನಲಿಲ್ಲ.

ಇಂತು
ಬೋರಲಿಂಗಯ್ಯ


ಚನ್ನಪಟ್ಟಣ,
೩ನೇ ನವೆಂಬರ್ ೧೯೯೯

ಮಾಮು ಅವರಿಗೆ,

ತಮ್ಮ ಪತ್ರವನ್ನು ಅಬ್ಬಾಗೆ ಓದಿ ಹೇಳಿದೆ. ನಿನ್ನೆ ಕೆಲಸ ಮುಗಿಸಿ, ಕೈ ತೊಳೆಯದೆ, ಬರಿ ಎಂದರು.

"ಬೋರಣ್ಣ, ಹೂವಿನಂತೆ ಅಂತ ಬರ್ದಿದ್ದೀಯ. ನಾಕು ದಿನ ಕೂತು ಬರ್ದಿದ್ದೀಯ. ಅವ್ನು ಬರ್ಲಿಲ್ಲ, ಅವ್ನ ತಗಡಿನ ಪೆಟ್ಟಿಗೆ ಬಂತು. ಒಳಗೆ ಎರಡು ಜೊತೆ ಕಾಲುಚೀಲ, ಒಂದು ಕನ್ನಡಿ, ಸರ್ಕಾರ ಕೊಟ್ಟ ಗಡ್ಡ ಹೆರಿಯೋ ಸಾಮಾನು. ಬ್ಲೇಡಿನ ಪೊಟ್ಣ ಒಡ್ದೇ ಇರ್ಲಿಲ್ಲ. ಹತ್ತೊಂಬತ್ತು ವರ್ಷದ ಗಂಡ್ಸು, ಎರಡು ವರ್ಷ ಪಟ್ಟಾಳದಲ್ಲಿದ್ದೋನು, ಬ್ಲೇಡು ಒಡಿದೇ ಇರ್ತಾನಾ? ಆ ಪೊಟ್ಣ ಇನ್ನೂ ಗುಲ್ಜಾರ್ ತಾವ ಐತೆ. ಅದನ್ನ ಕಲ್ಲಿನ ಮೇಲೆ ಕೆತ್ತಸ್ತೀಯ?

"ನನ್ ರುಜು ಅಂದೆ. ಹೌದು, ನಂದೇ. ಅವತ್ತು ನಾನು ಅರಗಿನ ಕಡ್ಡಿ ಹಿಡ್ದು ಗೊಂಬೆಗೆ ಕೆಂಪು ಹತ್ತಸ್ತಿದ್ದೆ. ಸುತ್ತೋ ಗೊಂಬೆ ನಿಲ್ಸಿದ್ರೆ ಬಣ್ಣ ಗಂಟು ಕಟ್ತದೆ. ನೀನು ಬಂದು ಬಾಗ್ಲಲ್ಲಿ ನಿಂತೆ. 'ಮೆಹಬೂಬ್, ಹುಡ್ಗ ಪಟ್ಟಾಳಕ್ಕೆ ಅರ್ಜಿ ಹಾಕ್ತಾನಂತೆ, ಇಲ್ಲೊಂದು ಅಲ್ಲೊಂದು ಹಾಕು' ಅಂದೆ. 'ಏನ್ ಬರ್ದೀಯಾ' ಅಂದೆ ನಾನು. 'ಎಲ್ಲಾ ಬರ್ದೀನಿ ಕಣಯ್ಯ, ಹಾಕು' ಅಂದೆ ನೀನು. ಹೆಬ್ಬೆಟ್ಟಿನ ಅರಗು ಕಾಗ್ದಕ್ಕೆ ಹತ್ಕೊಂತು; ನೀನು ಬೈದೆ. ಓದಿ ಹೇಳ್ಲಿಲ್ಲ. ಊರೋರಿಗೆಲ್ಲ ಓದಿ ಹೇಳ್ತಿದ್ದೋನು ನಂಗೆ ಓದಿ ಹೇಳ್ಲಿಲ್ಲ. ನೀನು ಬರ್ದ ವಯಸ್ಸು ನಂಗೆ ಗೊತ್ತಾಗಿದ್ದು ಅವ್ನು ಸತ್ತ ಮೇಲೆ ಬಂದ ಸರ್ಕಾರದ ಕಾಗ್ದದಲ್ಲಿ. ಆವತ್ತೇ ನಿನ್ನ ಮಾತು ಬುಟ್ಟೆ.

"ಅವ್ನು ಹೋಗಿದ್ದು ತಪ್ಪು ಅಂತ ನಾನು ಹೇಳಾಕಿಲ್ಲ. ಹೇಡಿ ಅಲ್ಲ ನನ್ ಮಗ. ಬಾವುಟ ಕಂಡ್ರೆ ನಂಗೂ ಕೈ ಎದೆ ಮೇಲೆ ಹೋಯ್ತದೆ. ಆದ್ರೆ ಎರಡು ವರ್ಷ ತಡೆದು, ಸರಿ ವಯಸ್ಸಿಗೆ ಹೋಗಿದ್ರೆ ಲಡಾಯಿ ಮುಗ್ದು ಎರಡು ತಿಂಗ್ಳು ಆಗಿರ್ತಿತ್ತು. ಗುಲ್ಜಾರ್ ಹೇಳೋದು ಇಷ್ಟೇ: ಸೇರಾಕೆ ಅಂತ ನೀನು ಬರ್ದ ವಯಸ್ಸು, ಅವ್ನಿಗೆ ಸತ್ತಾಗ್ಲೂ ಆಗಿರ್ಲಿಲ್ಲ.

"ಊರಲ್ಲಿ ಗಲಾಟೆ ಆದಾಗೆಲ್ಲ ಅವ್ಳು ಅವ್ನ ಫೋಟೋನ ಬೀದಿ ಬಾಗ್ಲಿಗೆ ನೇತಾಕ್ತಾಳೆ. ಯೂನಿಫಾರಂ ಫೋಟೋ. ಬೇರೆಯೋರ ಮನೇಲಿ ಬಾಗ್ಲಿಗೆ ಚಿಲಕ ಇರ್ತದೆ, ನಮ್ಮನೇಲಿ ಮಗ ಅವ್ನೆ. ಈ ಬೇಸಗೇಲಿ ಒಬ್ಬ ಅಂಗಡಿ ಮುಂದೆ ನಿಂತು 'ಯಾವ ಕಡೆ ಸಾಬ್ರೇ ನೀವು' ಅಂತ ತಮಾಷೆ ಮಾಡ್ದ. 'ನಮ್ ಮನೆಯಿಂದ ಹೋದೋನು ಹೋಗಿ ಇಪ್ಪತ್ತೆಂಟು ವರ್ಷ ಆಯ್ತು. ನಿಮ್ ಮನೆಯಿಂದ ಯಾರ್ ಹೊಂಟವ್ರೆ?' ಅಂದೆ. ಬುಗುರಿ ತಗೊಂಡು ಹೋದ.

"ಮೊನ್ನೆ ನಿನ್ ಮಗ ಬಂದಾಗ ಅದೇ ಎದೆಯಳತೆ ಕಥೆ ಹೇಳ್ದ. ಟೇಪು ಹಿಡ್ದಂಗೆ ಕೈ ಮಾಡಿ ತೋರುಸ್ದ. 'ಒಂದಂಗ್ಲ ಚಾಚಾ, ಒಂದೇ ಒಂದಂಗ್ಲ. ಇಲ್ದಿದ್ರೆ ಇವತ್ತು ಕಲ್ಲಲ್ಲಿ ಎರಡು ಹೆಸರು ಇರೋವು' ಅಂದ. ಕಣ್ಣಲ್ಲಿ ನೀರು ಬಂತು ಅವ್ನಿಗೆ. ಅಂಥಾ ಮಗನ್ನ ಪಡ್ದಿದ್ದೀಯ. ನಿನ್ ತಾವ ಆ ಕಾಗ್ದದ ಕಾರ್ಬನ್ ಪ್ರತಿ ಇರ್ತದೆ. ಬರ್ದಿದ್ದೆಲ್ಲ ಕಟ್ಟಿ ಇಡೋನು ನೀನು. ನನ್ ಅರಗಿನ ಗುರ್ತು ಇರ್ತದೆ ಅದ್ರಲ್ಲಿ. ಕಳ್ಸು."

ಹಫೀಜಾ


ಕುದೂರು,
೨೪ನೇ ನವೆಂಬರ್ ೧೯೯೯

ಶ್ರೀ ಮೆಹಬೂಬ್ ಸಾಹೇಬರಿಗೆ,

ತಾವು ಕೇಳಿರುವ ನಕಲು ಪ್ರತಿಯ ವಿಚಾರವಾಗಿ ವಿಶೇಷ ಶ್ರಮ ವಹಿಸಿ ಹುಡುಕಿಸಲಾಯಿತು. ೧೯೬೮ರಿಂದ ೧೯೭೨ರವರೆಗಿನ ಕಟ್ಟುಗಳು ಮನೆ ಬದಲಾಯಿಸುವಾಗ ತೇವಕ್ಕೆ ಸಿಕ್ಕಿ ಗೆದ್ದಲಿಗೆ ಆಹುತಿಯಾಗಿರುವುದನ್ನು ವಿಷಾದದಿಂದ ತಿಳಿಸುತ್ತೇನೆ. ಆಧಾರವಿಲ್ಲದೆ ಹೇಳಿಕೆ ನೀಡುವುದು ನನ್ನ ಪದ್ಧತಿಯಲ್ಲ. ಆದುದರಿಂದ ಈ ವಿಷಯವನ್ನು ಇಲ್ಲಿಗೇ ಮುಕ್ತಾಯಗೊಳಿಸುವುದು ಉಭಯತ್ರರಿಗೂ ಕ್ಷೇಮ.

ಬೋರಲಿಂಗಯ್ಯ


ಚನ್ನಪಟ್ಟಣ,
೨೭ನೇ ಡಿಸೆಂಬರ್ ೧೯೯೯

ಮಾಮು ಅವರಿಗೆ,

ಈ ಪತ್ರ ಅಬ್ಬಾ ಹೇಳಿ ಬರೆಸಿದ್ದಲ್ಲ. ಅವರಿಗೆ ಗೊತ್ತಿಲ್ಲದೆ ಬರೆಯುತ್ತಿದ್ದೇನೆ.

ಹೋದ ವಾರ ಅಬ್ಬಾ ಒಬ್ಬರೇ ಮಾಗಡಿಯಲ್ಲಿ ಬಸ್ಸು ಬದಲಾಯಿಸಿ ಕುದೂರಿಗೆ ಬಂದಿದ್ದರು. ರಂಜಾನಿನ ಉಪವಾಸದಲ್ಲಿ, ಎಪ್ಪತ್ತೆರಡನೆಯ ವಯಸ್ಸಿನಲ್ಲಿ. ತಾವು ಸಾವನದುರ್ಗಕ್ಕೆ ಹೋಗಿದ್ದೀರೆಂದು ಸರಸಮ್ಮಕ್ಕ ಹೇಳಿದರಂತೆ. ಅವರು ನೀರು ತಂದುಕೊಟ್ಟಾಗ ರೋಜಾ ಇದೆ ಎಂದು ಅಬ್ಬಾ ಲೋಟ ಮುಟ್ಟದೆ ಜಗಲಿಯಲ್ಲಿ ಕೂತಿದ್ದರು. ಮಾತಿಗೆ ಮಾತು ಬಂದು ಅಬ್ಬಾ ಗೆದ್ದಲಿನ ವಿಷಯ ಕೇಳಿದ್ದಕ್ಕೆ, ಅಕ್ಕ, "ಗೆದ್ಲಾ? ಯಾವ್ ಗೆದ್ಲು? ಅಪ್ಪಯ್ಯ ವರ್ಷ ವರ್ಷ ಬೇವಿನಸೊಪ್ಪು ಬದಲಾಯ್ಸಿ ಮಡಗ್ತಾರೆ. ಮಕ್ಳು ಮುಟ್ಟಂಗಿಲ್ಲ, ನಾನು ಮುಟ್ಟಂಗಿಲ್ಲ. ಬನ್ನಿ ತೋರುಸ್ತೀನಿ" ಎಂದು ನಡುಮನೆಯ ಅಟ್ಟ ತೋರಿಸಿದರಂತೆ. ಕಟ್ಟುಗಳೆಲ್ಲ ವರ್ಷದ ಚೀಟಿ ಅಂಟಿಸಿಕೊಂಡು ಸಾಲಾಗಿ ಕೂತಿದ್ದವಂತೆ.

"ಇಳಿಸ್ಲಾ ಚಾಚಾ?" ಎಂದಿದ್ದಕ್ಕೆ ಅಬ್ಬಾ ಬೇಡವೆಂದರಂತೆ. ಮನೆಗೆ ಬಂದ ಮೇಲೆ ಯಾಕೆ ಬೇಡವೆಂದಿರಿ ಎಂದು ನಾನು ಸಿಟ್ಟಾದೆ. "ಅವ್ನ ಕಸುಬಿನ ಸಾಮಾನು. ಅವ್ನಿಲ್ದೇ ನಾನ್ಯಾಕೆ ಮುಟ್ಲಿ. ನನ್ ಉಳಿ ಯಾರಾದ್ರೂ ಮುಟ್ಟಿದ್ರೆ ನಾನು ಸುಮ್ನಿರ್ತೀನಾ" ಎಂದರು.

ತಮ್ಮ ಮರಿಮಗ ಹಳದಿ ಗಾಡಿ ತಳ್ಳುತ್ತಿದ್ದನಂತೆ. ಒಂದು ಗಾಲಿ ಕಿರುಗುಟ್ಟುತ್ತಿತ್ತಂತೆ. ಅಕ್ಕನ ಹತ್ತಿರ ಒಂದು ಚೂರು ಕೊಬ್ಬರಿ ಕೇಳಿ ಅಚ್ಚಿಗೆ ಉಜ್ಜಿ, ಬಸ್ಸಿಗೆ ಬಂದರು.

ಕಲ್ಲುಕುಟಿಗರು ಎಲ್ಲ ಕೆತ್ತಿ ಮುಗಿಸಿದ್ದಾರೆ. ಹುಟ್ಟಿದ ದಿನವನ್ನು ಅಬ್ಬಾ ಬೇಡವೆಂದು ಬಿಡಿಸಿದರು. ವಯಸ್ಸಿನ ಜಾಗವೊಂದನ್ನು ಮಾತ್ರ ಖಾಲಿ ಬಿಟ್ಟಿದ್ದಾರೆ. ಜನವರಿ ಹದಿನೈದರವರೆಗೆ ಕಾಯುತ್ತಾರಂತೆ. ಆಮೇಲೆ ದಾಖಲೆಯಲ್ಲಿ ಇರುವುದನ್ನೇ ಹಾಕುತ್ತಾರಂತೆ. ಅಮ್ಮಿಗೆ ಎಡಗಣ್ಣು ಹೋಯಿತು. ಬಲಗಣ್ಣಲ್ಲಿ ದೊಡ್ಡ ಅಂಕಿ ಕಾಣುತ್ತದೆ. ಗೋಡೆಯ ಕ್ಯಾಲೆಂಡರಿನ ಹದಿನೇಳನ್ನು ತೋರಿಸಿ "ಇದೇ ಅಲ್ವಾ" ಎಂದು ಕೇಳುತ್ತಿರುತ್ತಾರೆ.

ನಾನು ಇದಕ್ಕಿಂತ ಹೆಚ್ಚು ಕೇಳಲಾರೆ.

ಹಫೀಜಾ


ಕುದೂರು,
೧೧ನೇ ಜನವರಿ ೨೦೦೦
ರಿಜಿಸ್ಟರ್ ಅಂಚೆ

ಮೆಹಬೂಬ್,

'ತಾವು' ಎಂದು ಬರೆಯಲು ಇಂದು ಕೈ ಏಳುತ್ತಿಲ್ಲ. ನಲವತ್ತು ವರ್ಷದ ರೂಢಿಯಿಂದ ಉಳಿದದ್ದೆಲ್ಲ ಅರ್ಜಿಯಂತೆಯೇ ಆದೀತು. ನನಗೆ ಬೇರೆ ಬರಹ ಬಾರದು. ಹಫೀಜಾ ನಿಧಾನವಾಗಿ ಓದಲಿ. ಗುಲ್ಜಾರ್ ಬೀಯೂ ಕೇಳುವಂತೆ ಓದಲಿ.

ನೀನು ಬಂದ ದಿನ ನಾನು ಸಾವನದುರ್ಗಕ್ಕೆ ಹೋಗಿರಲಿಲ್ಲ. ಬೆಳಿಗ್ಗೆ ಅಲ್ಲಿಗೆಂದು ಹೇಳಿ ಹೊರಟವನು, ಮಂಡಿನೋವೆಂದು ಅರ್ಧ ದಾರಿಯಿಂದ ಹಿಂದಿರುಗಿ, ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಮಲಗಿದ್ದೆ. ಸರಸಮ್ಮನಿಗೂ ಅದು ತಿಳಿಯದು. ನಿನ್ನ ದನಿ ಕೇಳಿ ಎದ್ದು ಕೂತೆ. ಬೇವಿನಸೊಪ್ಪಿನ ಮಾತು ಕೇಳಿತು. ಇಳಿಸಲೇ ಎಂದಾಗ 'ಬೇಡ' ಎಂದೆಯಲ್ಲ, ಅದೂ ಕೇಳಿತು. ನಿನಗೂ ನನಗೂ ನಡುವೆ ಒಂದು ಬಾಗಿಲಿತ್ತು, ಅಗುಳಿ ಹಾಕಿರಲಿಲ್ಲ. ನೀನು ಹೋದ ಮೇಲೆ ಗಾಡಿಯ ಗಾಲಿ ಸದ್ದಿಲ್ಲದೆ ಉರುಳುವುದನ್ನು ಸಂಜೆಯವರೆಗೂ ಕೇಳಿದೆ.

ಈಗ ನೀನು ಕೇಳಿದ್ದಕ್ಕಿಂತ ಹೆಚ್ಚಿನದನ್ನು ಹೇಳಬೇಕಾಗಿದೆ.

೧೯೭೦ನೇ ಇಸವಿ ಮಾರ್ಚ್ ಒಂಬತ್ತನೆಯ ತಾರೀಕು ಮಕ್ಬೂಲನೂ ಮುನಿಯಪ್ಪನೂ ಕೂಡಿ ಹೊಂಗೆ ಮರದ ಕೆಳಗೆ ಬಂದರು. ಇಬ್ಬರಿಗೂ ಹದಿನಾರು. ರಾಮನಗರದಲ್ಲಿ ಪಟ್ಟಾಳಕ್ಕೆ ಆಳು ಆರಿಸುತ್ತಾರೆಂದು ಯಾರೋ ಹೇಳಿದ್ದರು. ಮಾತಾಡಿದವನು ನಿನ್ನ ಮಗ. "ಮಾಮು, ಹದಿನೆಂಟು ಅಂತ ಬರೀರಿ. ನೀವು ಬರ್ದ್ರೆ ಯಾವ್ ಸಾಹೇಬ್ರೂ ವಾಪಸ್ ಕಳ್ಸಲ್ಲ" ಎಂದ. ಈ ಮಾತಿಗೆ ನಾನು ಎಷ್ಟು ಉಬ್ಬಿದೆನೆಂಬುದನ್ನು ಬರೆಯಲು ನಾಚಿಕೆಯಾಗುತ್ತದೆ. 'ನಿಮ್ಮಪ್ಪನಿಗೆ ಗೊತ್ತೇನೋ' ಎಂದು ಕೂಡ ಕೇಳಲಿಲ್ಲ. ಅವನು ಹುಟ್ಟಿದ ದಿನ ನನಗೆ ಬಾಯಿಪಾಠವಿತ್ತು. ವರ್ಷದಲ್ಲಿ ಎರಡನ್ನು ಕಳೆದು, ಚೆಂದವಾಗಿ ಬರೆದೆ. ನಿನ್ನ ಬಾಗಿಲಿಗೆ ಬಂದು, ಓದಿ ಹೇಳದೆ, ರುಜು ಹಾಕಿಸಿಕೊಂಡು ಹೋದೆ. ಓದಿ ಹೇಳಿದ್ದರೆ ನೀನು ಹಾಕುತ್ತಿರಲಿಲ್ಲ. ಅದು ನನಗೆ ಗೊತ್ತಿತ್ತು.

ನಾನು ಹಿಂದಿರುಗಿದಾಗ ಮುನಿಯಪ್ಪ ಮರದ ಕೆಳಗೇ ಕೂತಿದ್ದ. "ನಂಗೂ ಅಂಗೇ ಬರಿ ಅಪ್ಪಯ್ಯ" ಎಂದ. ಆಯಿತೆಂದೆ. ಕಾರ್ಬನ್ ಇಟ್ಟು ಹೊಸ ಹಾಳೆ ತೆಗೆದೆ. ಅದೇ ಮಸಿ, ಅದೇ ಒಕ್ಕಣೆ. ವಯಸ್ಸಿನ ಜಾಗಕ್ಕೆ ಬಂದಾಗ ಲೇಖನಿ ನಿಂತಿತು.

ನನಗೆ ಈ ಕಸುಬು ಕಲಿಸಿದವರು ಒಂದು ಕಟ್ಟಳೆ ಹೇಳಿದ್ದರು: ಗಿರಾಕಿ ಹೇಳಿದ್ದನ್ನು ಹೇಳಿದಂತೆ ಬರೆ, ನಿನ್ನ ಸ್ವಂತ ಮನೆಯ ಕಾಗದದಲ್ಲಿ ಮಾತ್ರ ಸುಳ್ಳು ಬರೆಯಬೇಡ, ಕೈ ಸೇದಿಹೋಗುತ್ತದೆ. ಆ ಕ್ಷಣ ಆ ಮಾತನ್ನು ನೆನೆದೆ. ಇಪ್ಪತ್ತೊಂಬತ್ತು ವರ್ಷ ಅದರ ಮರೆಯಲ್ಲೇ ನಿಂತೆ. ಸತ್ಯಕ್ಕೆ ಹೆದರಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಮೆಹಬೂಬ್, ಅದು ಸತ್ಯದ ಭಯವಲ್ಲ. ಯುದ್ಧದ ಭಯ. ಮಗ ಸಾಯುತ್ತಾನೆಂಬ ಭಯ. ಅರ್ಧ ಗಂಟೆಯ ಹಿಂದೆ ನಿನ್ನ ಬಾಗಿಲಲ್ಲಿ ನಿಂತಿದ್ದಾಗ ಆ ಭಯ ನನಗೆ ಬಂದಿರಲಿಲ್ಲ.

ಮುನಿಯಪ್ಪನ ಕಾಗದದಲ್ಲಿ ಹದಿನಾರು ಎಂದು ನಿಜವನ್ನೇ ಬರೆದೆ. ಲಕೋಟೆಯಲ್ಲಿಟ್ಟು, ಅಂಟು ಹಚ್ಚಿ, ಕೊಟ್ಟೆ.

ಅಲ್ಲಿ ಯಾರೋ ಲಕೋಟೆ ಒಡೆದು ನೋಡಿ, ಹಿಂದಿಯಲ್ಲಿ ಏನೋ ಹೇಳಿ, ಕೈಬೀಸಿ ಪಕ್ಕಕ್ಕೆ ಸರಿಸಿದರಂತೆ. ಭಾಷೆ ತಿಳಿಯದ ಹುಡುಗ ಅಳುತ್ತ ಬಂದ. ಎದೆಯಳತೆ ಸಾಲದೆಂದಿರಬೇಕು ಎಂದು ನಾನೇ ಹೇಳಿದೆ. ಆ ಕಥೆ ಕಟ್ಟಿದವನು ನಾನು, ಮುನಿಯಪ್ಪನಲ್ಲ. ಅವನು ಎರಡು ವರ್ಷ ದಿನಾ ಬೆಳಿಗ್ಗೆ ದಂಡ ಹೊಡೆದ, ಎದೆ ಬೆಳೆಯಲೆಂದು. ಅವನು ನಿನ್ನೆದುರು ಅತ್ತದ್ದು ನಾಟಕವಲ್ಲ.

ಪ್ರತಿ ಆಗಸ್ಟ್ ಹದಿನೈದರಂದು ಯಾವುದಾದರೊಂದು ಶಾಲೆಯವರು ನನ್ನನ್ನು ಕರೆಯುತ್ತಾರೆ. 'ನನ್ನ ಕೈಯಾರೆ ಅರ್ಜಿ ಬರೆದು ಒಬ್ಬ ವೀರನನ್ನು ದೇಶಕ್ಕೆ ಕೊಟ್ಟೆ' ಎನ್ನುತ್ತೇನೆ. ಚಪ್ಪಾಳೆ ಬೀಳುತ್ತದೆ. ಹಾರ ಹಾಕುತ್ತಾರೆ. ನನ್ನ ಮಗನನ್ನು ಕೊಡದೆ ಉಳಿಸಿಕೊಂಡು, ನಿನ್ನ ಮಗನನ್ನು ಕೊಟ್ಟದ್ದಕ್ಕೆ ನನಗೆ ಹಾರ. ದೇಶದ ಮೇಲೆ ನನಗಿದ್ದ ಭಕ್ತಿ ಸುಳ್ಳೆಂದು ಹೇಳಲಾರೆ. ಆದರೆ ಅದು ಯಾವಾಗಲೂ ಬೇರೊಬ್ಬರ ಮನೆಯ ಬಾಗಿಲಲ್ಲಿ ನಿಂತಾಗ ಮಾತ್ರ ದೊಡ್ಡ ದನಿಯಲ್ಲಿ ಮಾತಾಡಿತು.

ಮೊನ್ನೆ ಭಾನುವಾರ ಮುನಿಯಪ್ಪ ಇಲ್ಲಿಗೆ ಬಂದಿದ್ದ, ಅನಾವರಣದ ಆಹ್ವಾನಪತ್ರ ತೋರಿಸಲು. ಅಟ್ಟದಿಂದ ಕಟ್ಟು ಇಳಿಸಿ ಎರಡು ಹಾಳೆಗಳನ್ನೂ ಅವನ ಮುಂದಿಟ್ಟೆ. ಮೊದಲು ಮಕ್ಬೂಲನದನ್ನು ಓದಿ, "ಈಗ್ಯಾಕೆ ಇದೆಲ್ಲ ಅಪ್ಪಯ್ಯ, ಕಲ್ಲು ಮುಗ್ದೋಗೈತೆ. ಮಂತ್ರಿಗಳು ಬತ್ತಾವ್ರೆ. ನನ್ ಮರ್ಯಾದೆ ಏನಾಯ್ತದೆ" ಎಂದ. ಆಮೇಲೆ ತನ್ನದನ್ನು ಓದಿದ. ಎರಡು ಸಲ ಓದಿದ. ಅಂಗಿಯ ಮೇಲೆ ಎದೆಗೆ ಕೈಯಿಟ್ಟುಕೊಂಡು, ನಲವತ್ತೈದು ದಾಟಿದ ಗಂಡಸು, ಚಿಕ್ಕ ಹುಡುಗನ ದನಿಯಲ್ಲಿ ಕೇಳಿದ: "ಅಂಗಾರೆ ನನ್ ಎದೆ ಸರಿಯಾಗೇ ಇತ್ತಾ ಅಪ್ಪಯ್ಯ?"

ಸರಿಯಾಗಿತ್ತು ಎಂದೆ.

ಸಮಿತಿಗೆಂದು ನಾನು ಬರೆದಿಟ್ಟಿದ್ದ ಹೇಳಿಕೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಉಣ್ಣದೆ, ಬಸ್ಸು ಹತ್ತಿದ. ಅದನ್ನು ಸಮಿತಿಯ ಮುಂದೆ ಇಡುತ್ತಾನೋ ದಾರಿಯಲ್ಲಿ ಹರಿದು ಹಾಕುತ್ತಾನೋ ನನಗೆ ತಿಳಿಯದು. ಕೇಳುವ ಹಕ್ಕೂ ನನಗಿಲ್ಲ. ಆದುದರಿಂದ ಅದನ್ನೇ ಇನ್ನೊಮ್ಮೆ ಬರೆದು ನಿನಗೆ ಕಳುಹಿಸುತ್ತಿದ್ದೇನೆ. ನೀನೇ ಒಯ್ದು ಕಲ್ಲುಕುಟಿಗನ ಕೈಗೆ ಕೊಡು. ಖಾಲಿ ಜಾಗದಲ್ಲಿ ಹದಿನೇಳು ಎಂದು, ಗುಲ್ಜಾರ್ ಬೀಯ ಒಂದು ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ, ಆಳವಾಗಿ ಕೆತ್ತಲಿ. ಹೂವಿನ ಸಾಲನ್ನೂ ಕೆಳಗಿರುವ ನನ್ನ ಹೆಸರನ್ನೂ ಉಳಿಯಿಂದ ತೆಗೆಯಲಿ. ಕಲ್ಲಿನ ಮೇಲೆ ಗಾಯ ಉಳಿದರೆ ಉಳಿಯಲಿ.

ಕ್ಷಮೆ ಕೋರುವ ಒಕ್ಕಣೆಗಳು ನನ್ನ ಬಳಿ ಎಷ್ಟೋ ಇವೆ. ಊರಿನ ಅರ್ಧ ಜನಕ್ಕೆ ನಾನೇ ಬರೆದುಕೊಟ್ಟಿದ್ದೇನೆ. ಅವುಗಳಲ್ಲಿ ಒಂದನ್ನೂ ಇಲ್ಲಿ ಬಳಸುವುದಿಲ್ಲ. ಇಪ್ಪತ್ತಾರರಂದು ನಾನು ಬರುವುದಿಲ್ಲ. ನೀನು ಕರೆದರೂ ಬರುವುದಿಲ್ಲ.

ಈ ಕಾಗದಕ್ಕೆ ಬಿಕ್ಕಲಂ ಇಲ್ಲ.

ಹೇಳಿದವನೂ ಬರೆದವನೂ ತಾನೇ ಆದ
ಬೋರಲಿಂಗಯ್ಯ

ಲಗತ್ತು:
೧. ಮಕ್ಬೂಲನ ವಯಸ್ಸನ್ನು ತಿಳಿದೂ ತಿಳಿದೂ ತಪ್ಪಾಗಿ ಬರೆದೆನೆಂಬ ನನ್ನ ಹೇಳಿಕೆ, ಒಂದು ಹಾಳೆ.
೨. ಪ್ರಮಾಣಪತ್ರದ ಕಾರ್ಬನ್ ಪ್ರತಿ, ಕ್ರಮಸಂಖ್ಯೆ ೪೧೨, ತಾ. ೯-೩-೧೯೭೦. ಮೆಹಬೂಬನ ಮಗ ಮಕ್ಬೂಲ್, ವಯಸ್ಸು ಹದಿನೆಂಟು. ಅಂಚಿನಲ್ಲಿ ಕೆಂಪು ಅರಗಿನ ಹೆಬ್ಬೆಟ್ಟಿನ ಗುರುತು ಇದೆ.
೩. ಪ್ರಮಾಣಪತ್ರದ ಕಾರ್ಬನ್ ಪ್ರತಿ, ಕ್ರಮಸಂಖ್ಯೆ ೪೧೩, ಅದೇ ತಾರೀಕು. ಬೋರಲಿಂಗಯ್ಯನ ಮಗ ಮುನಿಯಪ್ಪ, ವಯಸ್ಸು ಹದಿನಾರು. ಗುರುತು ಏನೂ ಇಲ್ಲ.